ನಾಗಬನ ಕಲಿಸುವ ತೋಟದ ಪಾಠ

ಬ್ರಹ್ಮಾವರದಿಂದ ಕುಂದಾಪುರ ದಾಟಿ ಬೈಂದೂರಿನವರೆಗೆ ಹೆದ್ದಾರಿಯ ಇಕ್ಕೆಲದ ಹೊಸ ಮನೆಗಳನ್ನು ಗಮನಿಸಿದರೆ ಅಂಗಳದ ಸ್ವರೂಪ ಹೆಚ್ಚುಕಡಿಮೆ ಒಂದೇ. ಇಂಟರ್‌ಲಾಕ್ ಹಾಸು, ಕುಂಡದಲ್ಲಿ ಕ್ರೋಟನ್, ಗೇಟಿನ ಮೇಲೆ ಬೋಗನ್‌ವಿಲ್ಲಾ. ನೋಟಕ್ಕೆ ಚೆಂದ. ಆದರೆ ಅಲ್ಲಿ ಹಕ್ಕಿಗೆ ಹಣ್ಣಿಲ್ಲ, ಚಿಟ್ಟೆಯ ಹುಳುವಿಗೆ ಎಲೆಯಿಲ್ಲ. ಹಕ್ಕಿ, ಚಿಟ್ಟೆಗಳು ಬರುವ ತೋಟ ಮಾಡಬೇಕು, ಯಾವ ಗಿಡ ನೆಡಲಿ ಎಂದು ಕೇಳುವವರು ಈಗ ಹೆಚ್ಚುತ್ತಿದ್ದಾರೆ. ಈ ಸೀಮೆಯವರಿಗೆ ಉತ್ತರ ಮನೆಯ ಹಿಂದೆಯೇ ಇದೆ. ಒಂದು ಹಾಡಿ, ಇನ್ನೊಂದು ನಾಗಬನ.

ಹಾಡಿ ಎಂದರೆ ದೊಡ್ಡ ಕಾಡೂ ಅಲ್ಲ, ನೆಟ್ಟು ಬೆಳೆಸಿದ ತೋಟವೂ ಅಲ್ಲ. ಗದ್ದೆಯಂಚಿನ ದಿಬ್ಬದಲ್ಲಿ ಮನೆಗೆ ಹೊಂದಿಕೊಂಡು ಬೆಳೆದ ಮರಗಿಡಗಳ ಗುಂಪು. ಹಟ್ಟಿಗೆ ಸೊಪ್ಪು, ಒಲೆಗೆ ಸೌದೆ, ಮಳೆಗೆ ಮುಂಚೆ ಗುಡಿಸಿ ತುಂಬುವ ದರಲೆ ಎಲ್ಲವೂ ಅಲ್ಲಿಂದಲೇ. ಹಟ್ಟಿಯ ಸೊಪ್ಪು ಗೊಬ್ಬರವಾಗಿ ಗದ್ದೆಗೆ ಹೋಗುತ್ತಿತ್ತು. ಮದರಾಸು ಆಡಳಿತದ ದಕ್ಷಿಣ ಕನ್ನಡದಲ್ಲಿ ಇಂಥ ಬಳಕೆಗೆ ಕಾನೂನಿನ ಆಸರೆಯೂ ಇತ್ತು. ವರ್ಗ ಜಮೀನಿನ ಸುತ್ತ 100 ಗಜದೊಳಗಿನ ಸರ್ಕಾರಿ ಭೂಮಿಯಲ್ಲಿ ಸೊಪ್ಪು, ಸೌದೆ, ಮೇವು ಪಡೆಯುವ ಸವಲತ್ತೇ ಕುಮ್ಕಿ. 1964ರ ಭೂಕಂದಾಯ ಕಾಯಿದೆಯೂ ಅದನ್ನು ಉಳಿಸಿಕೊಂಡಿತು. ವರ್ಷವೂ ಸೊಪ್ಪು ಬೇಕಾದವನು ಮರವನ್ನು ಬುಡಸಮೇತ ಕಡಿಯುವುದಿಲ್ಲ, ಗೆಲ್ಲು ಸವರಿ ಬಿಡುತ್ತಾನೆ. ಹೀಗೆ ಹಾಡಿಯನ್ನು ಅಗತ್ಯವೇ ಕಾಯಿತು.

ಬನವನ್ನು ಕಾದದ್ದು ಭಯಭಕ್ತಿ. ಅಲ್ಲಿ ಕತ್ತಿ ಹಾಕುವಂತಿಲ್ಲ, ಒಣಕಡ್ಡಿಯನ್ನೂ ತರುವಂತಿಲ್ಲ. ಟಿಪ್ಪುವಿನ ಪತನದ ಬಳಿಕ ಈಸ್ಟ್ ಇಂಡಿಯಾ ಕಂಪೆನಿಯ ಪರವಾಗಿ ದೇಶ ನೋಡಲು ಬಂದ ವೈದ್ಯ, ಸಸ್ಯಶಾಸ್ತ್ರಜ್ಞ ಫ್ರಾನ್ಸಿಸ್ ಬುಕಾನನ್ 1801ರಲ್ಲಿ ಬ್ರಹ್ಮಾವರ, ಕುಂದಾಪುರ, ಬೈಂದೂರುಗಳ ಮೂಲಕವೇ ಉತ್ತರಕ್ಕೆ ಸಾಗಿದ. ಮುಂದೆ ಕಾರವಾರದ ಕಡೆ ಅವನಿಗೊಂದು ಕಟ್ಟಳೆ ಕಂಡಿತು. ಕಾಡು ಊರದೇವರದು, ಗೌಡನ ಅಪ್ಪಣೆಯಿಲ್ಲದೆ ಮರ ಕಡಿಯಬಾರದು. ಸರ್ಕಾರ ಹಕ್ಕು ಸಾಧಿಸದಂತೆ ಜನ ಹೂಡಿದ ಉಪಾಯ ಇದೆಂದು 1807ರಲ್ಲಿ ಅಚ್ಚಾದ ತನ್ನ ಪ್ರವಾಸಗ್ರಂಥದಲ್ಲಿ ಆತ ಬರೆದ. ಉಪಾಯವೆಂದೇ ಇಟ್ಟುಕೊಳ್ಳೋಣ, ಮರಗಳಂತೂ ಉಳಿದವು.

ಹಳೆಯ ಬನವೊಂದರ ಎದುರು ನಿಂತು ನೋಡಿದರೆ ಅದರ ಅಂತಸ್ತುಗಳು ತಿಳಿಯುತ್ತವೆ. ಎತ್ತರದಲ್ಲಿ ಗೋಳಿ, ಹಾಲೆ, ಹೊನ್ನೆ. ನಡುವೆ ಸುರಗಿ, ರೆಂಜೆ, ಮುರುಗಲು. ಕೆಳಗೆ ಕೇಪಳ, ಕುಂಟುನೇರಳೆ. ಎಲ್ಲವನ್ನೂ ಹೆಣೆದ ಬಳ್ಳಿಗಳು. ಗೋಳಿಯ ಹಣ್ಣಿಗೆ ಕುಟ್ರುಹಕ್ಕಿ, ಮಂಗಟ್ಟೆಗಳು ಬರುತ್ತವೆ. ಹಿಂದೆ ದೀಪಕ್ಕೆ ಎಣ್ಣೆ ಕೊಡುತ್ತಿದ್ದ ಹೊನ್ನೆಯ ಕಾಯಿಯನ್ನು ಬಾವಲಿಗಳು ಒಯ್ದು ದೂರ ಬೀಳಿಸುತ್ತವೆ. ಒಣಗಿದರೂ ಪರಿಮಳ ಬಿಡದ ಸುರಗಿಗೆ ಬೇಸಗೆಯಲ್ಲಿ ಜೇನ್ನೊಣ ಮುತ್ತುತ್ತವೆ.

ಊರಿನ ಗಿಡವೇ ಏಕೆ ಎಂದು ಕೇಳಬಹುದು. ಮಕರಂದವನ್ನು ಚಿಟ್ಟೆ ಯಾವ ಹೂವಿನಿಂದಲಾದರೂ ಹೀರೀತು. ಅದರ ಹುಳು ಹಾಗಲ್ಲ, ನಿರ್ದಿಷ್ಟ ಎಲೆಯನ್ನೇ ತಿನ್ನುತ್ತದೆ. ಕರ್ನಾಟಕದ ರಾಜ್ಯ ಚಿಟ್ಟೆಯಾದ, ಕಪ್ಪು ಹಳದಿ ರೆಕ್ಕೆಯ ಸದರ್ನ್ ಬರ್ಡ್‌ವಿಂಗ್ ಮೊಟ್ಟೆಯಿಡುವುದು ಈಶ್ವರಬಳ್ಳಿ ಮತ್ತು ಅದರ ಹತ್ತಿರದ ಬಳ್ಳಿಗಳ ಮೇಲೆ. ಆಸ್ಟ್ರೇಲಿಯಾದಲ್ಲಿ ಇದೇ ಬಳಗದ ರಿಚ್ಮಂಡ್ ಬರ್ಡ್‌ವಿಂಗ್‌ಗೆ ಒದಗಿದ ಗತಿ ನೋಡಿ. ದಕ್ಷಿಣ ಅಮೆರಿಕದಿಂದ ಅಲಂಕಾರಕ್ಕೆಂದು ತಂದ ಅದೇ ಜಾತಿಯ ಬಳ್ಳಿಯನ್ನು ತನ್ನದೆಂದು ತಿಳಿದು ಅದು ಮೊಟ್ಟೆಯಿಟ್ಟಿತು. ಎಲೆ ತಿಂದ ಹುಳುಗಳು ಸತ್ತವು.

ನಮ್ಮಲ್ಲಿ ಹಾಡಿ ಸೊರಗಿದ್ದು ಬೇರೆ ರೀತಿಯಲ್ಲಿ. ರಸಗೊಬ್ಬರ, ಗ್ಯಾಸ್ ಒಲೆ ಬಂದ ಮೇಲೆ ಸೊಪ್ಪು ಸೌದೆಯ ಅಗತ್ಯ ತಗ್ಗಿತು. ಬೋಳು ಗುಡ್ಡಗಳಿಗೆ ಬೇಗ ಬೆಳೆಯುವ, ದನ ಮುಟ್ಟದ ಅಕೇಶಿಯ ಬಂತು. ಬನಗಳಿಗೂ ಸುಖವಿಲ್ಲ. ಜೀರ್ಣೋದ್ಧಾರದ ಹೆಸರಿನಲ್ಲಿ ಎಷ್ಟೋ ಕಡೆ ಮರ ತೆಗೆದು ಸಿಮೆಂಟು ಕಟ್ಟೆ ಕಟ್ಟಿ, ಗ್ರಾನೈಟ್ ಹಾಸಲಾಗಿದೆ. ಮಾಡಿದವರ ಭಕ್ತಿಯಲ್ಲಿ ಕೊರತೆಯಿಲ್ಲ. ಆದರೆ ಕಲ್ಲು ಉಳಿದು ಬನ ಹೋದರೆ ಅದನ್ನು ನಾಗಬನವೆನ್ನುವುದು ಹೇಗೆ?

ಐದು ಸೆಂಟ್ಸ್ ಜಾಗದವರೂ ಬನದ ಕೆಳ ಅಂತಸ್ತನ್ನು ಬೆಳೆಸಬಹುದು. ಬೇಲಿಗೆ ಕೇಪಳ, ಅದರ ಮೇಲೆ ಈಶ್ವರಬಳ್ಳಿ, ಮೂಲೆಗೆ ಕುಂಟುನೇರಳೆ, ಅಡಿಗೆಮನೆಯ ಹಿಂದೆ ಕರಿಬೇವು, ನಿಂಬೆ. ಇವೆರಡರ ಎಲೆಗೂ ಚಿಟ್ಟೆಯ ಹುಳು ಬರುತ್ತದೆ, ಮದ್ದು ಹೊಡೆಯಬಾರದಷ್ಟೆ. ಸ್ವಲ್ಪ ಹೆಚ್ಚು ಜಾಗವಿದ್ದರೆ ಮುರುಗಲು ಅಥವಾ ಸುರಗಿ. ಕಡಲ ಬದಿಯ ಮರಳು ನೆಲಕ್ಕೆ ಉಪ್ಪುಗಾಳಿ ತಾಳುವ ಹೊನ್ನೆ. ಗೋಳಿಯನ್ನು ಮಾತ್ರ ಮನೆ, ಬಾವಿಗಳಿಂದ ದೂರವಿಡಬೇಕು, ಬೇರು ಗೋಡೆಯನ್ನೇ ಸೀಳುತ್ತದೆ. ಕಾಡಿನಿಂದ ಗಿಡ ಕೀಳುವುದು ಬೇಡ, ಬೀಜದಿಂದಲೇ ಸಸಿ ಮಾಡಬಹುದು. ದರಲೆಯನ್ನು ಸುಡದೆ ಬುಡಕ್ಕೆ ಹಾಕಿದರೆ ಗೊಬ್ಬರವೂ ಆಯಿತು.

ನಾಗರಪಂಚಮಿ ಬರುವುದು ಮಳೆಗಾಲದಲ್ಲಿ, ಸಸಿ ಬೇರೂರುವ ಕಾಲದಲ್ಲಿ. ಬನಕ್ಕೆ ತನು ಎರೆಯಲು ಊರಿಗೆ ಬರುವ ಬೆಂಗಳೂರು, ಮುಂಬಯಿಯ ಮಕ್ಕಳು ಹಾಲು, ಎಳನೀರಿನ ಜತೆ ಒಂದು ಸುರಗಿ ಸಸಿಯನ್ನೂ ತಂದು ನೆಟ್ಟರೆ, ಕಾಂಕ್ರೀಟಾದ ಬನದ ಸುತ್ತ ಮತ್ತೆ ನೆರಳು ಕಾಣಬಹುದು.