ಒಲೆಯ ಮೇಲೆ ಹುಟ್ಟಿದ ಎರೆಹುಳು ಕಡಲಿಗೆ ಬಂದ ಕಥೆ

ವಿಡಿಯೋ ನೋಡೋಕೆ ಟೈಮ್ ಇಲ್ಲ, ಮೆಟ್ರೋದಲ್ಲಿ ಓದ್ಕೋತೀವಿ ಅನ್ನೋರಿಗಾಗಿ ಈ ಸಲದ ಮಾತು ಇಲ್ಲಿ ಬರಹದ ರೂಪದಲ್ಲಿದೆ.

ಕಳೆದ ಮೇ ತಿಂಗಳ ಮಾತು. ಚೆನ್ನೈನ ನಮ್ಮ ಫ್ಲ್ಯಾಟಿನ ಬಾಲ್ಕನಿಯಲ್ಲಿ ಮೀನು ಹಿಡಿಯುವ ಸಾಮಾನಿನ ಡಬ್ಬಿ ಇಟ್ಟು ಎರಡು ತಿಂಗಳು ಮರೆತೇಬಿಟ್ಟಿದ್ದೆ. ಆಫೀಸಿನಲ್ಲಿ ರಿಲೀಸ್, ಅದು ಮುಗಿದ ಕೂಡಲೇ ಊರಲ್ಲಿ ಮದುವೆ. ವಾಪಸ್ ಬಂದು ಡಬ್ಬಿ ತೆಗೆದರೆ, ಒಳಗಿದ್ದ ಪ್ಲಾಸ್ಟಿಕ್ ಮೀನು, ಪ್ಲಾಸ್ಟಿಕ್ ಸೀಗಡಿ ಎಲ್ಲ ಕರಗಿ ಒಂದೇ ಮುದ್ದೆ. ಡಬ್ಬಿಯ ತಳ ಕೂಡ ಅಂಟಂಟು. ಬಿಸಿಲಿಗೆ ಕರಗಿರಬೇಕು ಅಂದುಕೊಂಡೆ. ಆದರೆ ಒಂದು ವಿಚಿತ್ರ ಕಾಣಿಸಿತು. ಒಂದೇ ಬಗೆಯವನ್ನು ಇಟ್ಟಿದ್ದ ಖಾನೆಯಲ್ಲಿ ಎಲ್ಲವೂ ಸರಿಯಾಗಿಯೇ ಇದ್ದವು. ಎರಡು ಬಗೆ ಬೆರೆತಿದ್ದ ಖಾನೆ ಮಾತ್ರ ಪಾಯಸ. ಹಾಗಾದರೆ ಇದು ಬಿಸಿಲಿನ ತಪ್ಪಲ್ಲ. ಕಾರಣ ಸಿಗದ ಬಗ್ ಇದ್ದರೆ ನಮ್ಮಂಥೋರಿಗೆ ನಿದ್ದೆ ಬರಲ್ಲ ನೋಡಿ. ಹುಡುಕುತ್ತಾ ಹೋದೆ. ಹೋಗಿ ನಿಂತಿದ್ದು 1926ರ ಅಮೆರಿಕದಲ್ಲಿ.

ಗೊತ್ತಿಲ್ಲದವರಿಗೆ ಮೊದಲು ವಸ್ತು ಏನು ಅಂತ ಹೇಳಿಬಿಡ್ತೀನಿ. ಇಂಗ್ಲಿಷಿನಲ್ಲಿ ಸಾಫ್ಟ್ ಪ್ಲಾಸ್ಟಿಕ್ ಲ್ಯೂರ್ ಅಂತಾರೆ. ಬೆರಳುದ್ದದ, ಮೆತ್ತನೆಯ, ಹಿಂಡಿದರೆ ಬಳುಕುವ ಹುಸಿ ಮೀನು ಅಥವಾ ಹುಸಿ ಸೀಗಡಿ. ಇದನ್ನು ಜಿಗ್ ಹೆಡ್‌ಗೆ, ಅಂದರೆ ತಲೆಯ ಕಡೆ ಸೀಸದ ಗುಂಡು ಎರಕ ಹೊಯ್ದ ಗಾಳದ ಕೊಕ್ಕೆಗೆ ಪೋಣಿಸಬೇಕು. ಸೀಸದ ತೂಕ ಸಾಮಾನ್ಯವಾಗಿ 3.5 ಗ್ರಾಂ ಅಥವಾ 7 ಗ್ರಾಂ. ನೀರಿಗೆ ಎಸೆದು, ತಳ ಮುಟ್ಟಲು ಬಿಟ್ಟು, ಕೋಲಿನ ತುದಿಯಿಂದ ಸಣ್ಣಗೆ ಎರಡು ಸಲ ಜಗ್ಗಿ, ಮತ್ತೆ ಬೀಳಲು ಬಿಡೋದು. ಅಳಿವೆ, ಹಿನ್ನೀರು, ಕಾಂಡ್ಲಾ ಕಾಡಿನ ಅಂಚು, ಒಟ್ಟಿನಲ್ಲಿ ದಡಕ್ಕೆ ಹತ್ತಿರದ ಆಳವಿಲ್ಲದ ಉಪ್ಪುನೀರಿನಲ್ಲಿ ಇವತ್ತು ಲೋಕದ ಎಲ್ಲ ಕಡೆ ಬಳಸುವ ಸಾಮಾನು ಇದು.

ನಮ್ಮ ಕನ್ನಡದಲ್ಲಿ ಗಾಳಕ್ಕೆ ಸಿಕ್ಕಿಸುವ ತಿನಿಸಿಗೂ ಎರೆ ಅಂತೀವಿ, ಮಣ್ಣಿನ ಹುಳುವಿಗೂ ಎರೆಹುಳು ಅಂತೀವಿ. ಈ ಕಥೆಯಲ್ಲೂ ಪ್ಲಾಸ್ಟಿಕ್ ಎರೆ ಮೊದಲು ಹುಟ್ಟಿದ್ದು ಎರೆಹುಳುವಿನ ರೂಪದಲ್ಲೇ.

ಓಹಾಯೊ ರಾಜ್ಯದಲ್ಲಿ ಆಕ್ರನ್ ಅಂತ ಒಂದು ಊರು. ಗುಡ್‌ಇಯರ್, ಫೈರ್‌ಸ್ಟೋನ್, ಗುಡ್‌ರಿಚ್ ಎಲ್ಲ ಅಲ್ಲಿಯವೇ, ಆಗ ಅದು ಅಮೆರಿಕದ ಟೈರ್ ರಾಜಧಾನಿ. 1926ರಲ್ಲಿ ಗುಡ್‌ರಿಚ್ ಕಂಪನಿಯ ರಸಾಯನಶಾಸ್ತ್ರಜ್ಞ ವಾಲ್ಡೊ ಸೆಮನ್ ಎಂಬಾತ ರಬ್ಬರನ್ನು ಲೋಹಕ್ಕೆ ಅಂಟಿಸುವ ಗೋಂದು ಹುಡುಕುತ್ತಿದ್ದ. ಆಗ ಪಿವಿಸಿ ಅಂದರೆ ಗಡುಸಾದ, ಪುಡಿಪುಡಿಯಾಗುವ, ಯಾರಿಗೂ ಬೇಡದ ವಸ್ತು. ಅದನ್ನು ಬೇಗ ಆವಿಯಾಗದ ಒಂದು ದ್ರಾವಕದಲ್ಲಿ ಕಾಯಿಸಿದ. ಗೋಂದು ಸಿಗಲಿಲ್ಲ. ಸಿಕ್ಕಿದ್ದು ರಬ್ಬರಿನಂತೆ ಬಳುಕುವ ಒಂದು ಜೆಲ್. ಪಿವಿಸಿಯನ್ನು ಮೆತ್ತಗೆ ಮಾಡಬಹುದು ಅಂತ ಗೊತ್ತಾಗಿದ್ದು ಹೀಗೆ. ರೇನ್‌ಕೋಟು, ಸ್ನಾನದ ಮನೆಯ ಪರದೆ, ವೈರಿನ ಹೊದಿಕೆ ಎಲ್ಲ ಆಮೇಲೆ ಬಂದವು.

ಅದೇ ಆಕ್ರನ್ನಿನಲ್ಲಿ ನಿಕ್ ಕ್ರೀಮ್ ಅಂತ ಒಬ್ಬ ಮೆಷಿನಿಸ್ಟ್ ಇದ್ದ, ಮೀನು ಹಿಡಿಯುವ ಹುಚ್ಚಿನವನು. ರಬ್ಬರಿನ ಹುಳುಗಳು ಅದಕ್ಕೂ ಮುಂಚೆಯೇ ಇದ್ದವು, ಆದರೆ ಬಿರುಸು. ಬಾಯಿಗೆ ಹಾಕಿಕೊಂಡ ಮೀನು ತಕ್ಷಣ ಉಗಿದುಬಿಡೋದು. ನಿಕ್ ಮತ್ತು ಅವನ ಹೆಂಡತಿ ಕಾಸ್ಮಾ ಇಬ್ಬರೂ ಸೇರಿ ಮನೆಯ ಒಲೆಯ ಮೇಲೆ ವಿನೈಲ್, ಎಣ್ಣೆ, ಬಣ್ಣ ಬೆರೆಸಿ ಕಾಯಿಸಿ ಕಾಯಿಸಿ ನೋಡಿದರು. ನಿಜವಾದ ಎರೆಹುಳುವಿನಿಂದಲೇ ಅಚ್ಚು ತೆಗೆದರು. 1949ರಲ್ಲಿ ಮೆತ್ತಗಿನ ಪ್ಲಾಸ್ಟಿಕ್ ಹುಳು ತಯಾರಾಯಿತು. 1951ರ ಹೊತ್ತಿಗೆ ಅಂಚೆಯ ಮೂಲಕ ಮಾರಾಟ ಶುರು. ಮುಂದೆ ಕಂಪನಿ ಟೆಕ್ಸಸ್ ರಾಜ್ಯದ ಟೈಲರ್ ಊರಿಗೆ ನೆಲೆ ಬದಲಿಸಿತು. ಅಲ್ಲಿ ಹೊಸ ಅಣೆಕಟ್ಟುಗಳ ಕೆರೆಗಳು, ಅವುಗಳಲ್ಲಿ ಬಾಸ್ ಮೀನು.

ಈ ಅಡುಗೆಯ ವಿಧಾನ ಸ್ವಲ್ಪ ನೋಡೋಣ, ಯಾಕಂದ್ರೆ ನನ್ನ ಡಬ್ಬಿಯ ರಹಸ್ಯ ಇರೋದು ಇಲ್ಲೇ. ನಮ್ಮ ಮನೆಯಲ್ಲಿ ಹಾಲುಬಾಯಿ ಮಾಡೋದು ನೋಡಿದ್ದೀರಲ್ಲ? ಅಕ್ಕಿ ರುಬ್ಬಿದ ಹಾಲು ತೆಳ್ಳಗಿರುತ್ತೆ, ಒಲೆಯ ಮೇಲೆ ಕೈಬಿಡದೆ ತಿರುವುತ್ತಾ ಹೋದರೆ ಗಟ್ಟಿಯಾಗುತ್ತೆ, ತಟ್ಟೆಗೆ ಸುರಿದು ಆರಿದ ಮೇಲೆ ಬಳುಕುವ ತುಂಡು. ಇದೂ ಹಾಗೇ. ಪಿವಿಸಿಯ ನುಣ್ಣನೆ ಪುಡಿಯನ್ನು ಎಣ್ಣೆಯಂಥ ಒಂದು ದ್ರವದಲ್ಲಿ ಕಲಸಿದರೆ ಹಾಲಿನಂತೆ ಬೆಳ್ಳಗಿರುತ್ತೆ. ಇದಕ್ಕೆ ಪ್ಲಾಸ್ಟಿಸಾಲ್ ಅಂತ ಹೆಸರು. ಸುಮಾರು 175 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯಿಸಿದರೆ ಪುಡಿಯ ಕಣಗಳು ಆ ಎಣ್ಣೆಯನ್ನು ಹೀರಿಕೊಂಡು ಒಂದಾಗುತ್ತವೆ, ದ್ರಾವಣ ತಿಳಿಯಾಗುತ್ತೆ. ಅಚ್ಚಿಗೆ ಸುರಿದು ಆರಿಸಿದರೆ ಮುಗೀತು. ಗಮನಿಸಿ, ಎಣ್ಣೆಗೂ ಪಿವಿಸಿಗೂ ರಾಸಾಯನಿಕ ಬಂಧ ಏನೂ ಆಗಿರುವುದಿಲ್ಲ. ಎಣ್ಣೆ ಒಳಗೆ ಸುಮ್ಮನೆ ಕೂತಿರುತ್ತೆ. ಮೆತ್ತಗಿರೋದು ಅದರಿಂದಲೇ.

ಸರಿ, ಕೆರೆಯ ಹುಳು ಕಡಲಿಗೆ ಬಂದಿದ್ದು ಹೇಗೆ?

ಸೀದಾ ಬರಲಿಲ್ಲ. ಮೆಕ್ಸಿಕೊ ಕೊಲ್ಲಿಯ ದಂಡೆಯಲ್ಲಿ, ಅಂದರೆ ಟೆಕ್ಸಸ್, ಲೂಸಿಯಾನಾ, ಫ್ಲಾರಿಡಾದ ಹಿನ್ನೀರುಗಳಲ್ಲಿ, ಜನ ಹಿಡಿಯುತ್ತಿದ್ದದ್ದು ರೆಡ್‌ಫಿಶ್ ಮತ್ತು ಸ್ಪೆಕಲ್ಡ್ ಟ್ರೌಟ್. ಹೆಸರು ಟ್ರೌಟ್ ಆದರೂ ಅದು ಟ್ರೌಟ್ ಅಲ್ಲ. ಎರಡೂ ಕ್ರೋಕರ್ ಕುಟುಂಬದವು, ಮುಂಬೈಯಲ್ಲಿರುವ ನಿಮಗೆ ಗೊತ್ತಿರುವ ಘೋಳ್ ಮೀನಿನ ದಾಯಾದಿಗಳು. ಇವುಗಳ ಊಟ ಸೀಗಡಿ ಮತ್ತು ಸಣ್ಣ ಮೀನು. ಇಳಿತದ ಹೊತ್ತಿಗೆ ಸಣ್ಣ ತೋಡುಗಳಿಂದ ನೀರು ಹೊರಗೆ ಹರಿಯುವಾಗ ಸೀಗಡಿಗಳೂ ಜೊತೆಗೆ ಬರುತ್ತವೆ, ಮೀನು ಬಾಯಲ್ಲೇ ಕಾದು ನಿಂತಿರುತ್ತೆ. ಅಲ್ಲಿನವರು ಜೀವಂತ ಸೀಗಡಿಯನ್ನು ಬಕೆಟ್ಟಿನಲ್ಲಿ ಒಯ್ಯುತ್ತಿದ್ದರು. ಬಿಸಿಲಿಗೆ ಅವು ಸಾಯುತ್ತಿದ್ದವು. ಜೊತೆಗೆ ಚಿಕ್ಕಪುಟ್ಟ ಮೀನುಗಳು ಕೊಕ್ಕೆಯಿಂದ ಕಿತ್ತು ತಿಂದು ಖಾಲಿ ಮಾಡುತ್ತಿದ್ದವು.

ಹಾಗಾಗಿ ಹುಳುವಿನ ಆಕಾರ ಬದಲಾಯಿತು. ದೇಹ ಗಿಡ್ಡವಾಯಿತು, ದಪ್ಪವಾಯಿತು, ಸೀಗಡಿಯಂತೆ ಬಾಲ ಚಪ್ಪಟೆಯಾಯಿತು. ಹೆದರಿದ ಸೀಗಡಿ ಹಿಂದಕ್ಕೆ ಚಿಮ್ಮಿ ಮತ್ತೆ ತಳಕ್ಕೆ ಇಳಿಯುತ್ತೆ. ಸೀಸದ ತಲೆಯ ಕೊಕ್ಕೆ ಕೋಲಿನ ಜಗ್ಗುವಿಕೆಗೆ ಮಾಡೋದು ಸರಿಯಾಗಿ ಅದನ್ನೇ. 1970ರ ದಶಕದಲ್ಲಿ ಲೂಸಿಯಾನಾದ ಮಿಸ್ಟರ್ ಟ್ವಿಸ್ಟರ್ ಕಂಪನಿ ಕುಡುಗೋಲಿನಂತೆ ಬಾಗಿದ, ತೆಳ್ಳನೆ ಬಾಲದ ಗ್ರಬ್ ತಂದಿತು. ನೀರಲ್ಲಿ ಸುಮ್ಮನೆ ಎಳೆದರೂ ಬಾಲ ತಾನೇ ಕುಣಿಯುತ್ತೆ. ಹೊಸಬನ ಕೈಗೂ ಮೀನು ಬೀಳತೊಡಗಿತು. ಆಮೇಲೆ ತುದಿಯಲ್ಲಿ ಸಣ್ಣ ಹುಟ್ಟಿನಂಥ ಬಾಲದವು, ಫ್ಲಾರಿಡಾದ ಮಾರ್ಕ್ ನಿಕೋಲ್ಸ್ ಮಾಡಿದ ಡಿಒಎ ಸೀಗಡಿ, ಹೀಗೆ ಸಾಲು ಬೆಳೆಯಿತು. ಕೆರೆಗಳಿಂದ ಇನ್ನೊಂದು ಉಪಾಯವೂ ಬಂತು. ಕೊಕ್ಕೆಯ ಮೊನೆಯನ್ನು ಪ್ಲಾಸ್ಟಿಕ್ಕಿನ ಮೈಯೊಳಗೇ ಹುದುಗಿಸುವುದು. ಇದಕ್ಕೆ ಟೆಕ್ಸಸ್ ರಿಗ್ ಅಂತಾರೆ. ಕಡಲ ಹುಲ್ಲಿನ ನಡುವೆ ಎಸೆದರೂ ಸಿಕ್ಕಿಕೊಳ್ಳುವುದಿಲ್ಲ, ಮೀನು ಕಚ್ಚಿದಾಗ ಮಾತ್ರ ಮೊನೆ ಹೊರಗೆ ಬರುತ್ತೆ.

ಇದೇ ಹೊತ್ತಿಗೆ ಆ ದಂಡೆಯಲ್ಲಿ ಒಂದು ದೊಡ್ಡ ಜಗಳವೂ ನಡೀತಿತ್ತು. ಬಲೆಯ ಮೀನುಗಾರಿಕೆಯಿಂದ ರೆಡ್‌ಫಿಶ್ ಕಡಿಮೆಯಾಗುತ್ತಿದೆ ಅಂತ ಹವ್ಯಾಸಿಗಳು 1977ರಲ್ಲಿ ಹ್ಯೂಸ್ಟನ್‌ನಲ್ಲಿ ಸಂಘ ಕಟ್ಟಿದರು. 1981ರಲ್ಲಿ ಟೆಕ್ಸಸ್ ರೆಡ್‌ಫಿಶ್ ಮತ್ತು ಸ್ಪೆಕಲ್ಡ್ ಟ್ರೌಟ್ ಎರಡನ್ನೂ ಕ್ರೀಡಾ ಮೀನು ಅಂತ ಘೋಷಿಸಿ, ತನ್ನ ನೀರಿನಲ್ಲಿ ಹಿಡಿದವನ್ನು ಮಾರುವುದನ್ನು ನಿಲ್ಲಿಸಿತು. 1994ರಲ್ಲಿ ಫ್ಲಾರಿಡಾದ ಮತದಾರರು ಮೀನು ಸಿಕ್ಕಿಕೊಳ್ಳುವ ಬಲೆಗಳನ್ನು ರಾಜ್ಯದ ನೀರಿನಿಂದ ತೆಗೆಯುವ ತಿದ್ದುಪಡಿಗೆ ಮತ ಹಾಕಿದರು, 1995ರ ಜುಲೈಯಿಂದ ಜಾರಿ. ಮೀನಿಗೆ ಒಳ್ಳೆಯದಾಯಿತು. ಆದರೆ ತಲೆಮಾರುಗಳಿಂದ ಬಲೆ ಹಾಕುತ್ತಿದ್ದ ಮನೆಗಳ ದುಡಿಮೆ ಹೋಯಿತು. ಈ ಎರಡು ಮಾತನ್ನೂ ಒಟ್ಟಿಗೆ ಹೇಳದೆ ಇದ್ದರೆ ಇತಿಹಾಸ ಅರ್ಧವೇ.

ಪ್ಲಾಸ್ಟಿಕ್ ಎರೆಗೆ ಇಲ್ಲಿ ಒಂದು ಗೌರವದ ಸ್ಥಾನ ಸಿಕ್ಕಿತು. ನಿಜವಾದ ಸೀಗಡಿಯನ್ನು ಮೀನು ನುಂಗಿಬಿಡುತ್ತೆ, ಕೊಕ್ಕೆ ಹೊಟ್ಟೆಗೆ ಇಳಿಯೋ ಸಾಧ್ಯತೆ ಹೆಚ್ಚು. ಆಡಿಸುತ್ತಾ ಇರುವ ಹುಸಿ ಎರೆಗೆ ಸಾಮಾನ್ಯವಾಗಿ ತುಟಿಗೆ ಬೀಳುತ್ತೆ, ಬಿಡಿಸಿ ವಾಪಸ್ ನೀರಿಗೆ ಬಿಟ್ಟರೆ ಬದುಕುತ್ತೆ. ಹಿಡಿದು ಬಿಡುವವರ ಕೈಯಲ್ಲಿ ಇದೇ ಸಭ್ಯ ಸಾಮಾನು ಅನ್ನಿಸಿಕೊಂಡಿತು.

ಆದರೆ ಆ ಎಣ್ಣೆ ಸುಮ್ಮನೆ ಕೂತಿದೆ ಅಂದೆನಲ್ಲ, ಅದು ಯಾವಾಗಲೂ ಸುಮ್ಮನೆ ಕೂರಲ್ಲ.

ಇತ್ತೀಚಿನ ವರ್ಷಗಳಲ್ಲಿ ಪಿವಿಸಿ ಅಲ್ಲದ, ರಬ್ಬರ್ ಬ್ಯಾಂಡಿನ ಹಾಗೆ ಎಷ್ಟು ಎಳೆದರೂ ಹರಿಯದ ಬೇರೊಂದು ಪ್ಲಾಸ್ಟಿಕ್ಕಿನ ಎರೆಗಳು ಬಂದಿವೆ. ಇವುಗಳ ಪಕ್ಕ ಹಳೆಯ ಪಿವಿಸಿಯವನ್ನು ಇಟ್ಟರೆ ಎಣ್ಣೆ ಒಂದರಿಂದ ಇನ್ನೊಂದಕ್ಕೆ ದಾಟುತ್ತೆ, ಎರಡೂ ಕರಗಿ ಹೋಗುತ್ತವೆ. ನನ್ನ ಡಬ್ಬಿಯಲ್ಲಿ ಆಗಿದ್ದು ಇದೇ. ಕೆಲವು ಡಬ್ಬಿಗಳ ಗಟ್ಟಿ ಪ್ಲಾಸ್ಟಿಕ್ಕನ್ನೂ ಆ ಎಣ್ಣೆ ಮೆತ್ತಗೆ ಮಾಡುತ್ತೆ. ಪ್ಯಾಕೆಟ್ ಮೇಲೆ 'ಬೇರೆಯವುಗಳ ಜೊತೆ ಇಡಬೇಡಿ' ಅಂತ ಬರೆದೇ ಇತ್ತು. ಡಾಕ್ಯುಮೆಂಟೇಶನ್ ಯಾರು ಓದ್ತಾರೆ ಹೇಳಿ.

ಡಬ್ಬಿ ಹೋದರೆ ಹೋಯಿತು. ನೀರಿಗೆ ಬಿದ್ದವು? ಮೆತ್ತಗಿನ ಎರೆ ಬೇಗ ಹರಿಯುತ್ತೆ. ಕಲ್ಲಿಗೆ ಸಿಕ್ಕರೆ ದಾರ ಕತ್ತರಿಸಿ ಬಿಟ್ಟು ಬರ್ತೀವಿ. ಮೀನು ಬಾಲ ಕಚ್ಚಿಕೊಂಡು ಹೋಗುತ್ತೆ. ಅಮೆರಿಕದ ಮೇನ್ ರಾಜ್ಯದವರು ಬ್ರೂಕ್ ಟ್ರೌಟ್ ಮೀನುಗಳ ತೊಟ್ಟಿಯಲ್ಲಿ ಇಂಥ ಎರೆಗಳನ್ನು ಹಾಕಿ ನೋಡಿದರು. ಕೊಕ್ಕೆ ಇಲ್ಲದೆಯೂ ಮೀನುಗಳು ತಾವಾಗಿಯೇ ನುಂಗಿದವು, ಕೆಲವುಗಳ ಹೊಟ್ಟೆಯಲ್ಲಿ ಅವು ವಾರಗಟ್ಟಲೆ ಉಳಿದವು, ನುಂಗಿದ ಮೀನುಗಳ ತೂಕ ಇಳಿಯಿತು. 2009ರಲ್ಲಿ ಇದು ಪ್ರಕಟವಾಯಿತು. 2013ರಲ್ಲಿ ಅದೇ ರಾಜ್ಯದ ಶಾಸನಸಭೆಗೆ ಇವನ್ನು ನಿಷೇಧಿಸುವ ಮಸೂದೆ ಬಂತು. ಹವ್ಯಾಸಿಗಳ, ತಯಾರಕರ ವಿರೋಧ ಎದ್ದಿತು, ನಿಷೇಧ ಆಗಲಿಲ್ಲ. ಜಪಾನಿನ ಕವಾಗುಚಿ ಸರೋವರದಲ್ಲಿ ಮಾತ್ರ ಪ್ಲಾಸ್ಟಿಕ್ ಹುಳುಗಳನ್ನು ನಿಷೇಧಿಸಿದರು. ಅಮೆರಿಕ 2008ರಲ್ಲಿ ಮಕ್ಕಳ ಆಟಿಕೆಗಳಲ್ಲಿ ಕೆಲವು ಥಾಲೇಟ್‌ಗಳಿಗೆ, ಅಂದರೆ ಇದೇ ಜಾತಿಯ ಎಣ್ಣೆಗಳಿಗೆ, ಕಡಿವಾಣ ಹಾಕಿತು. ಮೀನಿನ ಎರೆ ಆಟಿಕೆಯಲ್ಲ, ಆ ನಿಯಮ ಇದಕ್ಕೆ ತಾಗಲಿಲ್ಲ. ಥಾಲೇಟ್ ಇಲ್ಲದವನ್ನು ಈಗ ಹಲವರು ಮಾಡ್ತಾರೆ, ನೀರಿನ ಆಧಾರದ, ಕೊಳೆಯುವ ಎರೆಗಳೂ ಇವೆ. ಅವುಗಳ ಪ್ಯಾಕೆಟ್ ತೆರೆದಿಟ್ಟರೆ ಒಣಗಿ ಕಲ್ಲಾಗುತ್ತವೆ ಅಂತ ನಾವೇ ಗೊಣಗ್ತೀವಿ. ಕೆಡಬಾರದು ಅಂತ ಕೊಂಡ ನಾವು, ನೀರಿಗೆ ಬಿದ್ದ ಮೇಲೆ ಕೆಡಲಿ ಅಂತ ಬಯಸ್ತೀವಿ.

ಡಬ್ಬಿ ಕರಗಿದ ಮೇಲೆ ಒಂದು ಭಾನುವಾರ ಮುಟ್ಟುಕಾಡು ಹಿನ್ನೀರಿಗೆ ಹೋಗಿದ್ದೆ. ತಮಿಳಿನಲ್ಲಿ ಕೊಡುವಾ, ಮುಂಬೈ ಕಡೆ ಜಿತಾಡಾ, ತೆಲುಗಿನಲ್ಲಿ ಪಂಡುಗಪ್ಪ, ಬಂಗಾಳಿಯಲ್ಲಿ ಭೆಟ್ಕಿ. ನಮ್ಮಲ್ಲಿ ಯಾವ ಊರಿನವರಾದರೂ ಅಳಿವೆಗೆ ಹೋಗೋದು ಈ ಒಂದು ಮೀನಿನ ಆಸೆಗೇ. ಪಕ್ಕದಲ್ಲಿ ಬಲೆ ಬಿಡಿಸುತ್ತಾ ಕೂತಿದ್ದ ಹಿರಿಯ ಮೀನುಗಾರರೊಬ್ಬರು ನನ್ನ ಕೈಯಲ್ಲಿದ್ದ ಹಸಿರು ಪ್ಲಾಸ್ಟಿಕ್ ಮೀನನ್ನು ನೋಡಿ, "ತಂಬಿ, ಇಲ್ಲಿ ಬಾ" ಅಂತ ಕರೆದರು. ಬಲೆಯಿಂದ ಆರಿಸಿ ದೋಣಿಯ ಮೂಲೆಗೆ ಹಾಕಿದ್ದ ಕಸ ತೋರಿಸಿದರು. ಬಿಸ್ಕತ್ ಪೊಟ್ಟಣ, ಬಾಟಲಿ ಮುಚ್ಚಳ, ಅವುಗಳ ನಡುವೆ ಎರಡು ತುಂಡು ಬಾಲ. ಒಂದು ಹಸಿರು. "ಇದು ನಿಮ್ಮೋರದ್ದೇ ಅಲ್ವಾ? ಕೊಳೆಯುತ್ತಾ ಇದು?"

"ಇಲ್ಲ ಅಯ್ಯಾ" ಅಂದೆ. ಬೇರೆ ಏನು ಹೇಳೋದು? ಅವರು ಬೈಯಲಿಲ್ಲ. ಎರಡೂ ಬಾಲಗಳನ್ನು ನನ್ನ ಕೈಗೆ ಹಾಕಿ ಮತ್ತೆ ಬಲೆಗೆ ತಿರುಗಿದರು. ನಾನು ಅಲ್ಲಿಗೆ ಹೋಗೋದು ವಾರದ ಬೇಸರ ಕಳೆಯೋಕೆ, ಅವರು ಇಳಿಯೋದು ಸಂಜೆಯ ಅನ್ನಕ್ಕೆ.

ಆವತ್ತಿನಿಂದ ಒಂದು ಖಾಲಿ ಬಾಟಲಿ ಜೊತೆಗೆ ಒಯ್ತೀನಿ. ಹರಿದ ಎರೆ, ತುಂಡು ಬಾಲ ಎಲ್ಲ ಅದಕ್ಕೆ. ಬಾಲ ಹರಿದ ಎರೆಯನ್ನು ಕೊಕ್ಕೆಯಿಂದ ಬೇಗ ಬದಲಿಸ್ತೀನಿ, ಕಲ್ಲಿರುವ ಕಡೆ ಎಸೆಯೋದು ಕಡಿಮೆ ಮಾಡಿದ್ದೀನಿ. ಪಿವಿಸಿಯವನ್ನು ಮತ್ತೆ ಕರಗಿಸಿ ಅಚ್ಚು ಹೊಯ್ಯಬಹುದು, ಆದರೆ ಆ ಹೊಗೆ ಒಳ್ಳೆಯದಲ್ಲ, ದಯವಿಟ್ಟು ಫ್ಲ್ಯಾಟಿನ ಅಡುಗೆಮನೆಯಲ್ಲಿ ನಿಕ್ ಕ್ರೀಮ್ ಆಗೋಕೆ ಹೋಗಬೇಡಿ. ಕಳೆದ ಆರು ಭಾನುವಾರಗಳ ಲೆಕ್ಕ ಹೇಳ್ತೀನಿ: ನೀರಿಗೆ ಕಳಕೊಂಡದ್ದು ನಾಲ್ಕು, ಬಾಟಲಿಗೆ ಹಾಕಿದ್ದು ಹನ್ನೊಂದು, ಹಿಡಿದ ಕೊಡುವಾ ಒಂದೇ ಒಂದು, ಅದನ್ನೂ ಬಿಟ್ಟೆ.

ನಿಮ್ಮ ಲೆಕ್ಕ ಎಷ್ಟು, ಕಾಮೆಂಟಿನಲ್ಲಿ ಬರೀರಿ. ಕಾರವಾರ, ಕುಂದಾಪುರ, ಮಂಗಳೂರು ಕಡೆಯವರು ನಿಮ್ಮೂರ ಅಳಿವೆಯಲ್ಲಿ ಹಿರಿಯರು ಗಾಳಕ್ಕೆ ಏನು ಎರೆ ಹಾಕ್ತಿದ್ರು ಅನ್ನೋದನ್ನೂ ಬರೀರಿ. ಮುಂದಿನ ವಾರ ಸಿಗೋಣ.