ಕಥೆ ಯಾರ ಸೊತ್ತು?

ಹುಡುಗ ಒಂದು ಸಮುದಾಯದವನು, ಹುಡುಗಿ ಇನ್ನೊಂದು ಸಮುದಾಯದವಳು. ಇಬ್ಬರೂ ಪ್ರೀತಿಸುತ್ತಾರೆ. ಅಪ್ಪಂದಿರು ಹಾವು ಮುಂಗುಸಿಗಳಂತೆ ಕಾದಾಡುತ್ತಾರೆ. ಕೊನೆಗೆ ಎಲ್ಲರೂ ಒಂದಾಗುತ್ತಾರೆ. ಈ ಕಥೆಯನ್ನು ಕೇಳದವರಿಲ್ಲ. ಆದರೆ ಇಂಥದೇ ಒಂದು ಕಥೆಗಾಗಿ ನ್ಯೂಯಾರ್ಕಿನಲ್ಲಿ ಒಮ್ಮೆ, ದೆಹಲಿಯಲ್ಲಿ ಮತ್ತೊಮ್ಮೆ ನಾಟಕಕಾರರಿಬ್ಬರು ಚಿತ್ರ ನಿರ್ಮಾಪಕರ ವಿರುದ್ಧ ನ್ಯಾಯಾಲಯದ ಮೆಟ್ಟಿಲು ಹತ್ತಿದರು. ಇಬ್ಬರೂ ಸೋತರು. ‘ನನ್ನ ಕಥೆ ಕದ್ದರು’ ಎಂಬ ದೂರು ಬಂದಾಗಲೆಲ್ಲ ಆಯಾ ದೇಶದ ವಕೀಲರು ಇಂದಿಗೂ ಮೊದಲು ತೆರೆದು ನೋಡುವುದು ಆ ತೀರ್ಪುಗಳನ್ನೇ.

ಮೊದಲ ಪ್ರಕರಣ ಅಮೆರಿಕದ್ದು. ಆನ್ ನಿಕೋಲ್ಸ್ ಎಂಬ ಲೇಖಕಿಯ ‘ಏಬೀಸ್ ಐರಿಷ್ ರೋಸ್’ ನಾಟಕ 1922ರಲ್ಲಿ ನ್ಯೂಯಾರ್ಕಿನ ಬ್ರಾಡ್‌ವೇ ರಂಗಭೂಮಿಗೆ ಬಂತು. ವಿಮರ್ಶಕರು ಮೂಗು ಮುರಿದರು, ಜನ ಮುಗಿಬಿದ್ದರು. ನಾಟಕ 2,327 ಪ್ರದರ್ಶನಗಳನ್ನು ಕಂಡಿತು. ಯಹೂದಿ ಯುವಕನೊಬ್ಬ ಐರಿಷ್ ಕ್ಯಾಥೊಲಿಕ್ ಹುಡುಗಿಯನ್ನು ಗುಟ್ಟಾಗಿ ಮದುವೆಯಾಗುವುದು, ಧರ್ಮದ ಹಟ ಹಿಡಿದ ಬೀಗರ ಜಗಳ, ಅವಳಿ ಮೊಮ್ಮಕ್ಕಳನ್ನು ಕಂಡು ಅವರ ಮನಸ್ಸು ಕರಗುವುದು - ಇದು ಅದರ ಹಂದರ. 1926ರಲ್ಲಿ ಯೂನಿವರ್ಸಲ್ ಸಂಸ್ಥೆ ‘ದಿ ಕೋಹೆನ್ಸ್ ಅಂಡ್ ಕೆಲ್ಲಿಸ್’ ಎಂಬ ಮೂಕಿ ಚಿತ್ರವನ್ನು ತೆರೆಗೆ ತಂದಿತು. ಅಲ್ಲಿಯೂ ಯಹೂದಿ ಹಾಗೂ ಐರಿಷ್ ಕುಟುಂಬಗಳು, ಗುಟ್ಟಿನ ಮದುವೆ, ಅಪ್ಪಂದಿರ ಕಾದಾಟ, ಕೂಸು, ರಾಜಿ. ನಿಕೋಲ್ಸ್ ದಾವೆ ಹೂಡಿದರು.

1930ರಲ್ಲಿ ಮೇಲ್ಮನವಿ ನ್ಯಾಯಾಲಯದ ನ್ಯಾಯಮೂರ್ತಿ ಲರ್ನೆಡ್ ಹ್ಯಾಂಡ್ ಲೇಖಕಿಗೆ ವಿರುದ್ಧವಾಗಿ ತೀರ್ಪು ಬರೆದರು. ನಾಟಕದಲ್ಲಿ ಜಗಳಕ್ಕೆ ಮೂಲ ಧರ್ಮ. ಚಿತ್ರದಲ್ಲಿ ಧರ್ಮದ ಪ್ರಸ್ತಾಪ ಅಷ್ಟಾಗಿ ಇಲ್ಲ, ಅಲ್ಲಿರುವುದು ನೆರೆಹೊರೆಯವರ ಹಳೆಯ ದ್ವೇಷ ಮತ್ತು ಅನಿರೀಕ್ಷಿತವಾಗಿ ಬಂದ ಆಸ್ತಿಯೊಂದರ ಗೊಂದಲ. ಎರಡಕ್ಕೂ ಸಮಾನವಾಗಿ ಉಳಿಯುವುದು ಬರಿಯ ವಸ್ತು. ಅದು ಯಾರೊಬ್ಬರದೂ ಅಲ್ಲ ಎಂದರು ಹ್ಯಾಂಡ್.

ಇದಕ್ಕೆ ಅವರು ಕೊಟ್ಟ ವಿವರಣೆ ಸರಳವಾಗಿದೆ. ಯಾವುದೇ ನಾಟಕದಿಂದ ಒಂದೊಂದೇ ಘಟನೆಯನ್ನು ಬಿಡುತ್ತ ಹೋದರೆ ಅದರ ರೂಪರೇಖೆ ಹೆಚ್ಚು ಹೆಚ್ಚು ಸಾಮಾನ್ಯವಾಗುತ್ತ ಹೋಗುತ್ತದೆ. ಕಡೆಗೆ ಉಳಿಯುವುದು ಒಂದು ಸಾಲಿನ ತಿರುಳು ಮಾತ್ರ. ಪಾತ್ರ, ಸನ್ನಿವೇಶಗಳಿಂದ ತುಂಬಿದ ಕೆಳಗಿನ ಮೆಟ್ಟಿಲು ಲೇಖಕನದು. ಮೇಲಿನ ಬರಿಯ ತಿರುಳು ಎಲ್ಲರದು. ಮಾತುಗಳನ್ನು ಅಕ್ಷರಶಃ ಎತ್ತಿಕೊಂಡರೆ ಮಾತ್ರ ಕಳವು ಎನ್ನುವಂತೆಯೂ ಇಲ್ಲ. ಹಾಗಾದರೆ ಕಳ್ಳ ನಾಲ್ಕು ಪದ ಬದಲಿಸಿ ಪಾರಾಗುತ್ತಾನೆ. ಆದರೆ ಗಡಿಯ ಗೆರೆ ಇರುವುದು ಎಷ್ಟನೆಯ ಮೆಟ್ಟಿಲಲ್ಲಿ? ಅದನ್ನು ಯಾರೂ ಮುಂಚಿತವಾಗಿ ಗುರುತಿಸಲಾರರು ಎಂದು ಅವರೇ ಒಪ್ಪಿಕೊಂಡರು.

ಆ ಗೆರೆಯನ್ನು ದಾಟಿದವರಿಗೆ ಏನಾಗುತ್ತದೆಂಬುದನ್ನು ಅದೇ ಹ್ಯಾಂಡ್ 1936ರಲ್ಲಿ ತೋರಿಸಿದರು. ಗ್ಲಾಸ್ಗೊ ನಗರದ ಮ್ಯಾಡಲಿನ್ ಸ್ಮಿತ್ ಎಂಬ ತರುಣಿ ಪ್ರಿಯಕರನಿಗೆ ವಿಷವಿಕ್ಕಿದ ಆರೋಪದ ಮೇಲೆ 1857ರಲ್ಲಿ ವಿಚಾರಣೆ ಎದುರಿಸಿದ್ದಳು. ಆ ಪ್ರಕರಣದ ಎಳೆ ಹಿಡಿದು ಎಡ್ವರ್ಡ್ ಶೆಲ್ಡನ್ ಮತ್ತು ಮಾರ್ಗರೆಟ್ ಏಯರ್ ಬಾರ್ನ್ಸ್ ಒಂದು ನಾಟಕ ಬರೆದಿದ್ದರು. ಎಂಜಿಎಂ ಸಂಸ್ಥೆ ಅದರ ಹಕ್ಕು ಕೊಳ್ಳಲು ಮಾತುಕತೆ ನಡೆಸಿ, ಅದು ಮುರಿದುಬಿದ್ದ ಮೇಲೆ ಅದೇ ಪ್ರಕರಣ ಆಧರಿಸಿದ ಕಾದಂಬರಿಯೊಂದನ್ನು ಕೊಂಡು 1932ರಲ್ಲಿ ‘ಲೆಟ್ಟಿ ಲಿಂಟನ್’ ಚಿತ್ರ ತೆಗೆಯಿತು. ಹಳೆಯ ಪ್ರಕರಣ ಎಲ್ಲರ ಸೊತ್ತು, ನಿಜ. ಆದರೆ ನಾಟಕಕಾರರು ಸ್ವತಃ ಹೆಣೆದ ಸನ್ನಿವೇಶಗಳು ಚಿತ್ರದೊಳಗೆ ನುಸುಳಿದ್ದವು. ತಾನು ಕದಿಯದೆ ಬಿಟ್ಟದ್ದು ಎಷ್ಟೆಂದು ತೋರಿಸಿ ಯಾರೂ ಕದ್ದ ತಪ್ಪಿನಿಂದ ಪಾರಾಗಲಾರರು ಎಂದರು ಹ್ಯಾಂಡ್. ಚಿತ್ರದ ನಿವ್ವಳ ಲಾಭ 5,87,604 ಡಾಲರ್. ತಾರೆಯರ ಆಕರ್ಷಣೆಗೂ ಇತರರ ಶ್ರಮಕ್ಕೂ ಪಾಲು ಕಳೆದು, ಐದರಲ್ಲಿ ಒಂದು ಭಾಗವನ್ನು ನಾಟಕಕಾರರಿಗೆ ಕೊಡಿಸಲಾಯಿತು. 1940ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಇದನ್ನು ಎತ್ತಿಹಿಡಿಯಿತು.

ಭಾರತದಲ್ಲಿ ಇದೇ ಪ್ರಶ್ನೆ ಎದ್ದದ್ದು ಆರ್. ಜಿ. ಆನಂದ್ ಅವರ ‘ಹಮ್ ಹಿಂದೂಸ್ತಾನಿ’ ನಾಟಕದಿಂದ. ವೃತ್ತಿಯಲ್ಲಿ ವಾಸ್ತುಶಿಲ್ಪಿಯಾಗಿದ್ದ ಆನಂದ್ ಅದನ್ನು ಬರೆದದ್ದು 1953ರಲ್ಲಿ. ಮರುವರ್ಷ ಅದು ದೆಹಲಿಯಲ್ಲಿ ರಂಗಕ್ಕೆ ಬಂತು. ಪಂಜಾಬಿ ಮನೆಯ ಹುಡುಗ, ಪಕ್ಕದ ಮದ್ರಾಸಿ ಮನೆಯ ಹುಡುಗಿ, ಪ್ರಾಂತಾಭಿಮಾನ ತಲೆಗೇರಿದ ತಂದೆಯರು. ನಾಟಕದ ಬಗ್ಗೆ ಆಸಕ್ತಿ ತೋರಿ ನಿರ್ದೇಶಕ ಮೋಹನ್ ಸೆಹಗಲ್ ಪತ್ರ ಬರೆದರು. 1955ರ ಜನವರಿಯಲ್ಲಿ ಅವರು ದೆಹಲಿಗೆ ಬಂದಾಗ ಆನಂದ್ ಇಡೀ ನಾಟಕವನ್ನು ಓದಿ ವಿವರಿಸಿದರು. ಆಮೇಲೆ ಸುದ್ದಿಯಿಲ್ಲ. ಅದೇ ವರ್ಷ ಸೆಹಗಲ್ ‘ನ್ಯೂ ಡೆಲ್ಲಿ’ ಚಿತ್ರವನ್ನು ಪ್ರಕಟಿಸಿದರು. ಕಿಶೋರ್ ಕುಮಾರ್, ವೈಜಯಂತಿಮಾಲಾ ನಟಿಸಿದ ಆ ಚಿತ್ರ 1956ರಲ್ಲಿ ತೆರೆಕಂಡಿತು.

ಲಾಭದ ಲೆಕ್ಕ, ಪರಿಹಾರ ಹಾಗೂ ತಡೆಯಾಜ್ಞೆ ಕೋರಿ ಆನಂದ್ ದಾವೆ ಹೂಡಿದರು. ಜಿಲ್ಲಾ ನ್ಯಾಯಾಲಯ ಅದನ್ನು ವಜಾ ಮಾಡಿತು. ಹೈಕೋರ್ಟ್ ಕೂಡ ಒಪ್ಪಲಿಲ್ಲ. ಸುಪ್ರೀಂ ಕೋರ್ಟಿನಲ್ಲಿ ಆನಂದ್ ಸ್ವತಃ ನಾಟಕವನ್ನು ಓದಿದರು. ನ್ಯಾಯಮೂರ್ತಿಗಳು ಚಿತ್ರವನ್ನೂ ವೀಕ್ಷಿಸಿದರು.

1978ರ ಆಗಸ್ಟ್ 18ರಂದು ನ್ಯಾಯಮೂರ್ತಿ ಫಜಲ್ ಅಲಿ ತೀರ್ಪಿತ್ತರು. ನಾಟಕವು ಪ್ರಾಂತೀಯತೆಯ ಒಂದು ಮುಖವನ್ನು, ಮದುವೆಯ ತೊಡಕನ್ನು, ಮಾತ್ರ ಹೇಳುತ್ತದೆ. ಚಿತ್ರವಾದರೋ ಬೇರೆ ಪ್ರಾಂತದವರಿಗೆ ಬಾಡಿಗೆ ಮನೆ ಸಿಗದಿರುವುದು, ವರದಕ್ಷಿಣೆಯ ಪಿಡುಗು ಮುಂತಾದವನ್ನೂ ಹೇಳುತ್ತದೆ. ಎರಡನ್ನೂ ನೋಡಿದ ಸಾಮಾನ್ಯ ಪ್ರೇಕ್ಷಕನಿಗೆ ಎರಡನೆಯದು ಮೊದಲನೆಯದರ ನಕಲು ಎಂಬ ಭಾವನೆ ನಿಸ್ಸಂದೇಹವಾಗಿ ಮೂಡಬೇಕು. ಇಲ್ಲಿ ಹಾಗಾಗದು ಎಂಬುದು ನ್ಯಾಯಾಲಯದ ನಿಲುವು. ಕೃತಿಸ್ವಾಮ್ಯ ಇರುವುದು ಕಲ್ಪನೆಗೆ ಅಲ್ಲ, ಅದನ್ನು ನಿರೂಪಿಸಿದ ಬಗೆಗೆ.

ನಿಯಮ ನ್ಯಾಯವಾದದ್ದೇ. ‘ಬೇರೆ ಬೇರೆ ಪ್ರಾಂತದವರ ಪ್ರೇಮ’ ಎಂಬ ವಸ್ತು ಒಬ್ಬರ ಆಸ್ತಿಯಾಗಿದ್ದರೆ ಇನ್ನಾವ ಲೇಖಕನೂ ಅದರ ಬಗ್ಗೆ ಪೆನ್ನು ಹಿಡಿಯುವಂತಿರಲಿಲ್ಲ. ಆದರೂ ಅದೇ ಪೀಠದಲ್ಲಿದ್ದ ನ್ಯಾಯಮೂರ್ತಿ ಆರ್. ಎಸ್. ಪಾಠಕ್ ಅವರ ಮನಸ್ಸು ಪೂರ್ತಿ ನಿರಾಳವಾಗಿರಲಿಲ್ಲ. ಅಲ್ಲೊಂದು ಇಲ್ಲೊಂದು ಬದಲಾವಣೆ ಮಾಡಿ ಬೇರೆಯವರ ಕೃತಿಯನ್ನು ದಕ್ಕಿಸಿಕೊಳ್ಳುವುದು ಕಷ್ಟವಲ್ಲ ಎಂಬ ಅಳುಕನ್ನು ಅವರು ಪ್ರತ್ಯೇಕ ಟಿಪ್ಪಣಿಯಲ್ಲಿ ತೋಡಿಕೊಂಡರು. ಕೆಳಗಿನ ಎರಡೂ ನ್ಯಾಯಾಲಯಗಳ ನಿರ್ಣಯ ಒಂದೇ ಆಗಿದ್ದರಿಂದ ಅದಕ್ಕೆ ತಲೆಬಾಗಿದರು.

ಆ ಅಳುಕು ಇಂದಿಗೂ ಉಳಿದಿದೆ. ಅವಕಾಶಕ್ಕಾಗಿ ಲೇಖಕ ತನ್ನ ಕಥೆಯನ್ನು ನಿರ್ಮಾಪಕನಿಗೆ ಹೇಳಲೇಬೇಕು. ಹೇಳಿದ ಮೇಲೆ ಅದರ ತಿರುಳು ಅವನ ಕೈಯಲ್ಲಿಲ್ಲ. ಆನಂದ್ ತಮ್ಮ ನಾಟಕವನ್ನು ಸೆಹಗಲ್ ಅವರಿಗೆ ಓದಿದ್ದು 1955ರಲ್ಲಿ. ಇಪ್ಪತ್ತಕ್ಕೂ ಹೆಚ್ಚು ವರ್ಷಗಳ ನಂತರ ಅದನ್ನೇ ದೇಶದ ಅತ್ಯುನ್ನತ ನ್ಯಾಯಾಲಯದ ಮುಂದೆ ಓದಿದರು. ಕೇಳಿದವರು ಗೌರವದಿಂದಲೇ ಕೇಳಿದರು. ಆದರೆ ಅದರ ತಿರುಳು ಅವರೊಬ್ಬರದು ಎಂದು ಯಾರೂ ಹೇಳಲಿಲ್ಲ.