ಕಳಚಿ ತೊಡಿಸುವ ಚಕ್ರ

ಮೋಟಾರು ವಾಹನದ ಆದಿಯುಗದಲ್ಲಿ ಚಕ್ರವು ಅಚ್ಚಿನಿಂದ ಸುಲಭವಾಗಿ ಬೇರ್ಪಡುತ್ತಿರಲಿಲ್ಲವಾದ್ದರಿಂದ, ಸ್ಪರ್ಧೆಯ ನಡುವೆ ಟಯರು ಒಡೆದರೆ ಚಾಲಕನೂ ಮೆಕ್ಯಾನಿಕನೂ ಧೂಳಿನಲ್ಲಿ ಕುಳಿತು, ಕಾದ ರಬ್ಬರನ್ನು ಚಾಕುವಿನಿಂದ ಸೀಳಿ ತೆಗೆಯಬೇಕಾಗಿತ್ತು. 1906ರಲ್ಲಿ ಲ ಮಾನ್ ಬಳಿ ನಡೆದ ಪ್ರಥಮ ಫ್ರೆಂಚ್ ಗ್ರಾಂ ಪ್ರಿಯಲ್ಲಿ, ರೆನೋ ಕಾರಿನ ಫೆರೆಂಕ್ ಸಿಸ್ಸನು ಎಂಟು ನಟ್ಟುಗಳನ್ನು ಬಿಚ್ಚಿದೊಡನೆ ಕಳಚಿಬರುವ ಮಿಷೆಲಿನ್ ರಿಮ್ಮುಗಳ ನೆರವಿನಿಂದ ಜಯಶಾಲಿಯಾದನು. ಎಂಜಿನ್ನಿಗಿಂತ ನಟ್ಟೇ ಗೆದ್ದಿತೆಂದರೂ ಸಲ್ಲುವುದು. ತರುವಾಯ ಇಂಗ್ಲೆಂಡಿನ ರಡ್ಜ್-ವಿಟ್‌ವರ್ತ್ ಸಂಸ್ಥೆಯು ಹಲ್ಲುಗಳುಳ್ಳ ಹಬ್‌ನ ಮೇಲೆ ಇಡೀ ಚಕ್ರವನ್ನೇ ಕೂರಿಸಿ, ಒಂದೇ ನಡುನಟ್ಟಿನಿಂದ ಬಿಗಿಯುವ ವಿಧಾನವನ್ನು ಪ್ರಚುರಪಡಿಸಿತು.

ಇಂದು ಬೇರೆ ಅಲಾಯ್ ಚಕ್ರವನ್ನು ಕೊಂಡು ತೊಡಿಸುವವರು ಬೋಲ್ಟಿನ ರಂಧ್ರಗಳನ್ನಷ್ಟೇ ಎಣಿಸಿ ತೃಪ್ತರಾಗುವುದು ಅವಿವೇಕ. ಚಕ್ರದ ನಡುರಂಧ್ರವು ಹಬ್‌ಗಿಂತ ದೊಡ್ಡದಾಗಿದ್ದರೆ ತಕ್ಕ ಉಂಗುರವನ್ನಿಟ್ಟು, ಹಬ್‌ನ ಮುಖದ ತುಕ್ಕನ್ನು ಉಜ್ಜಿ ತೆಗೆದು, ನಟ್ಟುಗಳನ್ನು ಎದುರುಬದುರಾಗಿ ಹಂತಹಂತವಾಗಿ ಬಿಗಿಯತಕ್ಕದ್ದು.